ದಾಂಪತ್ಯವೂ ಪಾಲುಗಾರಿಕೆಯೂ

ಅಣ್ಣತಮ್ಮಂದಿರು ಬೇರೆಯಾಗುವಾಗ ಮನೆಯ ಆಸ್ತಿಯನ್ನು ಹಂಚಿಕೊಳ್ಳುವ ಕ್ರಮವು ಕನ್ನಡ ನಾಡಿನ ಮನೆತನಗಳಿಗೆ ಹಳೆಯ ಕಾಲದಿಂದಲೂ ಪರಿಚಿತವಾದದ್ದು. ಊರಿನ ನಾಲ್ವರು ಹಿರಿಯರು ಕೂಡುತ್ತಾರೆ, ಹೊಲಗದ್ದೆಗಳನ್ನು ಅಳೆಯಿಸುತ್ತಾರೆ, ಒಡವೆ ಪಾತ್ರೆಗಳನ್ನು ತೂಗಿಸುತ್ತಾರೆ, ಚೀಟಿ ಎತ್ತಿಸಿ ಯಾರ ಪಾಲಿಗೆ ಯಾವುದು ಎಂಬುದನ್ನು ಗೊತ್ತುಮಾಡಿ ವಿಭಾಗಪತ್ರ ಬರೆಯಿಸುತ್ತಾರೆ. ಆಮೇಲೂ ಗೊಣಗಾಟ ಉಳಿಯಬಹುದು. ಬದುವಿನ ಜಗಳ ಮೊಮ್ಮಕ್ಕಳ ಕಾಲದವರೆಗೆ ನಡೆಯಬಹುದು. ಆದರೂ ಹಂಚತಕ್ಕ ವಸ್ತು ಯಾವುದು, ಹಂಚಿಕೊಳ್ಳತಕ್ಕವರು ಯಾರು ಎಂಬ ವಿಷಯದಲ್ಲಿ ಸಂದೇಹವಿರುವುದಿಲ್ಲ. ಗಂಡಹೆಂಡಿರು ಬೇರೆಯಾಗುವಾಗ ಈ ನಿಶ್ಚಯವು ಇಲ್ಲವಾಗುತ್ತದೆ. ಅವರ ನಡುವೆ ಒಂದು ಅಂಗಡಿಯೋ ಗಿರಣಿಯೋ ಅಚ್ಚುಕೂಟವೋ ನಡೆಯುತ್ತಿದ್ದರಂತೂ ತೊಡಕು ಇಮ್ಮಡಿಯಾಗುತ್ತದೆ. ನಡೆಯುವ ಉದ್ಯಮವು ಹೊಲದಂತೆ ಅಳತೆಗೆ ಸಿಕ್ಕುವುದಿಲ್ಲ. ಬೆಳ್ಳಿಯಂತೆ ತಕ್ಕಡಿಗೆ ಏರುವುದಿಲ್ಲ. ಅದರ ಬೆಲೆ ಎಷ್ಟು? ಅದನ್ನು ಕಟ್ಟಿದವರು ಯಾರು? ಮೊದಲನೆಯದು ಲೆಕ್ಕಿಗನ ಪ್ರಶ್ನೆಯೆಂದೂ ಎರಡನೆಯದು ಧರ್ಮದ ಪ್ರಶ್ನೆಯೆಂದೂ ಮೇಲುನೋಟಕ್ಕೆ ತೋರುತ್ತದೆ. ಸ್ವಲ್ಪ ಆಳವಾಗಿ ಪರ್ಯಾಲೋಚಿಸಿದರೆ ಲೆಕ್ಕದ ಪ್ರಶ್ನೆಯ ಹೊಟ್ಟೆಯಲ್ಲಿಯೇ ಧರ್ಮದ ಪ್ರಶ್ನೆ ಅಡಗಿರುವುದು ಕಂಡುಬರುತ್ತದೆ.

ಧರ್ಮಶಾಸ್ತ್ರಕಾರರು ವ್ಯವಹಾರಪದಗಳನ್ನು ಹದಿನೆಂಟಾಗಿ ವಿಂಗಡಿಸಿದರು. ವರ್ತಕರು ಬಂಡವಾಳ ಕೂಡಿಸಿ ನಡೆಸುವ ವ್ಯಾಪಾರಕ್ಕೆ ಸಂಭೂಯಸಮುತ್ಥಾನವೆಂದು ಹೆಸರು. ಅದರಲ್ಲಿ ಲಾಭನಷ್ಟಗಳು ಹಾಕಿದ ಹಣಕ್ಕೆ ತಕ್ಕಂತೆ, ಇಲ್ಲವೆ ಮೊದಲೇ ಆದ ಒಪ್ಪಂದದಂತೆ. ಕುಟುಂಬದ ಆಸ್ತಿಯ ವಿಭಾಗ ಬೇರೊಂದು ಪದ. ಸ್ತ್ರೀಪುರುಷರ ಧರ್ಮ ಮತ್ತೊಂದು. ಕೂಡಿ ಉದ್ಯಮ ನಡೆಸಿದ ದಂಪತಿಗಳು ಅಗಲುವ ಪ್ರಸಂಗವು ಈ ಮೂರಕ್ಕೂ ಸೇರುತ್ತದೆ. ಮೂರರಲ್ಲಿಯೂ ಅದಕ್ಕೆ ನೇರವಾದ ಉತ್ತರವಿಲ್ಲ. ಹಾಗೆಂದು ಪ್ರಶ್ನೆಯೇ ಅವರ ಮನಸ್ಸಿಗೆ ಹೊಳೆಯಲಿಲ್ಲವೆಂದು ಹೇಳಲಾಗದು. ಕಲ್ಯಾಣದಲ್ಲಿ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಇದನ್ನು ಎತ್ತಿಕೊಂಡಿದ್ದಾನೆ. ಗಂಡಹೆಂಡಿರಲ್ಲಿ ವಿಭಾಗವಿಲ್ಲವೆಂಬ ಅರ್ಥದ ಸೂತ್ರವೊಂದು ಆಪಸ್ತಂಬನಲ್ಲಿ ಉಂಟು. ವಿಜ್ಞಾನೇಶ್ವರನು ಆ ನಿಷೇಧವನ್ನು ಅಗ್ನಿಸಾಧ್ಯವಾದ ಕರ್ಮಗಳಿಗೂ ಅವುಗಳ ಪುಣ್ಯಫಲಕ್ಕೂ ಮಿತಗೊಳಿಸಿ, ದ್ರವ್ಯದಲ್ಲಿ ಹೆಂಡತಿಗೂ ವಿಭಾಗ ಸಲ್ಲಬಹುದೆಂದು ಒಪ್ಪುತ್ತಾನೆ. ಆದರೆ ಅದು ಗಂಡನ ಇಚ್ಛೆಯಿಂದ ಆಗತಕ್ಕದ್ದು, ಆಕೆಯ ಸ್ವೇಚ್ಛೆಯಿಂದಲ್ಲ ಎನ್ನುತ್ತಾನೆ. ಪುಣ್ಯವನ್ನು ಹಂಚಲಾಗದು, ಹಣವನ್ನು ಹಂಚಬಹುದು ಎಂಬ ವಿವೇಚನೆ ಲೋಕಾನುಭವಕ್ಕೆ ಒಪ್ಪುವಂಥದು. ಗಂಡನ ಇಚ್ಛೆಯಿಂದ ಎಂಬ ಮಾತು ಮಾತ್ರ ಒಂಬತ್ತು ಶತಮಾನಗಳಾದ ಮೇಲೆಯೂ ಪೂರ್ತಿಯಾಗಿ ಅಳಿದಿಲ್ಲ. ಅದು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ವೇಷದಲ್ಲಿ ಬದುಕಿದೆ. ಇಂಗ್ಲೆಂಡಿನಲ್ಲಿ 2000ದ ವರೆಗೂ ಬದುಕಿತ್ತು.

ಆ ವರ್ಷದ ಅಕ್ಟೋಬರ್ 26ರಂದು, ಆಗ ಆ ದೇಶದ ಕೊನೆಯ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ವೈಟ್ ದಂಪತಿಗಳ ವ್ಯಾಜ್ಯವು ಈ ವಿಷಯದಲ್ಲಿ ಬಹಳ ಬೋಧಪ್ರದವಾದದ್ದು. ಅವರು ಸಾಮರ್ಸೆಟ್ ಪ್ರಾಂತದ ರೈತರು. ಇಬ್ಬರೂ ಒಕ್ಕಲುತನದ ಮನೆಗಳಲ್ಲಿ ಹುಟ್ಟಿದವರು. 1961ರಲ್ಲಿ ಮದುವೆಯಾದ ಅವರು ಹೆಚ್ಚುಕಡಮೆ ಸಮನಾದ ಅಲ್ಪ ಬಂಡವಾಳವನ್ನು ಹಾಕಿ, ಪಾಲುಗಾರರಾಗಿ, ಹಾಲಿನ ಹಸುಗಳ ಸಾಕಣೆಯನ್ನು ಪ್ರಾರಂಭಿಸಿದರು. ಮರುವರ್ಷ ಸಾಲಮಾಡಿ ಬ್ಲಾಗ್ರೋವ್ಸ್ ಎಂಬ ಹೊಲಮನೆಯನ್ನು ಕೊಂಡರು. ಗಂಡನ ತಂದೆ ಬಡ್ಡಿಯಿಲ್ಲದೆ ಕೊಟ್ಟ ಹಣವೂ ಅದಕ್ಕೆ ಒದಗಿತು. ವರ್ಷವರ್ಷಕ್ಕೆ ಪಕ್ಕದ ನೆಲವನ್ನು ಸೇರಿಸಿ ಅದನ್ನು ಬೆಳೆಸಿದರು. ರೆಕ್ಸ್‌ಟನ್ ಎಂಬ ಮತ್ತೊಂದು ಜಮೀನು ತಂದೆಯ ಕಡೆಯಿಂದ ಬಂದು ಗಂಡನೊಬ್ಬನ ಹೆಸರಿನಲ್ಲಿ ನಿಂತಿತು. ಹೆಂಡತಿ ಮೂವರು ಮಕ್ಕಳನ್ನು ಸಾಕಿ ಬೆಳೆಸಿದರು. ಬೇಸಾಯದ ಕೆಲಸದಲ್ಲಿಯೂ ಗಂಡನಿಗೆ ಸಮನಾಗಿ ದುಡಿದರು. 33 ವರ್ಷಗಳಾದ ಮೇಲೆ, 1994ರಲ್ಲಿ, ದಾಂಪತ್ಯವು ಮುರಿಯಿತು. ನ್ಯಾಯಾಲಯದ ಮುಂದೆ ಬಂದ ಒಟ್ಟು ಆಸ್ತಿ ಸುಮಾರು 46 ಲಕ್ಷ ಪೌಂಡಿನದು. ಮೊದಲು ವಿಚಾರಣೆ ಮಾಡಿದ ನ್ಯಾಯಾಧೀಶರು, ಅಂದಿನ ಪದ್ಧತಿಯಂತೆ, ಹೆಂಡತಿಯ ನ್ಯಾಯವಾದ ಅಗತ್ಯಗಳು ಯಾವುವು ಎಂದು ಕೇಳಿಕೊಂಡರು: ಇರಲು ಒಂದು ಮನೆ, ಬದುಕಿರುವವರೆಗೆ ಸಾಕಾಗುವಷ್ಟು ಆದಾಯ. ಲೆಕ್ಕ ಹಾಕಿದಾಗ 9,80,000 ಪೌಂಡಾಯಿತು. ಅಷ್ಟನ್ನು ಆಕೆಗೆ ಕೊಡಿಸಿ, ಉಳಿದದ್ದೆಲ್ಲವನ್ನೂ, ಹೊಲಮನೆಗಳನ್ನೂ ಸೇರಿಸಿ, ಗಂಡನಿಗೆ ಬಿಟ್ಟರು.

ಈ ಅಂಕಿಯ ಎದುರಿಗೆ ಕೊಂಚ ನಿಲ್ಲಬೇಕು. ಜಂಟಿ ಆಸ್ತಿಯಲ್ಲಿ ಆಕೆಗೆ ಸೇರಿದ ಅರ್ಧವನ್ನೂ ಆಕೆಯ ಹೆಸರಿನಲ್ಲಿಯೇ ಇದ್ದ ಅಲ್ಪಸ್ವಲ್ಪವನ್ನೂ ಕೂಡಿಸಿದರೆ, ಯಾವ ನ್ಯಾಯಾಧೀಶನ ಕೃಪೆಯೂ ಇಲ್ಲದೆ, ಕೇವಲ ಪಾಲುಗಾರಿಕೆಯ ಮತ್ತು ಸ್ವತ್ತಿನ ಕಾನೂನಿನ ಮೇರೆಗೆ ಆಕೆಗೆ 15 ಲಕ್ಷ ಪೌಂಡಿಗೆ ಮಿಗಿಲಾಗಿ ಬರಬೇಕಾಗಿತ್ತು. ಎಂದರೆ, ಆಕೆ ಎಲ್ಲಿಂದಲೋ ಬಂದು ಆ ರೈತನೊಡನೆ ಬಂಡವಾಳ ಕೂಡಿಸಿದ ಅಪರಿಚಿತ ಪಾಲುಗಾರ್ತಿಯಾಗಿದ್ದು, ಸಂಜೆಯಾದೊಡನೆ ತನ್ನ ಮನೆಗೆ ಹೊರಟುಹೋಗುತ್ತಿದ್ದವಳಾಗಿದ್ದರೆ, 15 ಲಕ್ಷವನ್ನು ಎಣಿಸಿಕೊಂಡು ಹೋಗಬಹುದಾಗಿತ್ತು. ಅವನ ಮನೆಯಲ್ಲಿ ನಿಂತು, ಅವನ ಮಕ್ಕಳನ್ನು ಹೆತ್ತು ಸಾಕಿದ್ದರಿಂದ 9,80,000ಕ್ಕೆ ಇಳಿದಳು! ಮದುವೆಯೆಂಬುದು ಪಾಲುಗಾರಿಕೆಗೆ ಏನನ್ನೋ ಕೂಡಿಸಬೇಕಾದದ್ದು ಹೋಗಿ ಇದ್ದದ್ದನ್ನು ಕಳೆಯಿತು. ಇದು ಆ ನ್ಯಾಯಾಧೀಶರ ದುರ್ಬುದ್ಧಿಯಿಂದ ಆದದ್ದಲ್ಲ. ಅವರು ಹಿಂದಿನ ತೀರ್ಪುಗಳನ್ನು ಪ್ರಾಮಾಣಿಕವಾಗಿಯೇ ಅನುಸರಿಸಿದ್ದರು. ಆ ತೀರ್ಪುಗಳಿಗೆ ಅಗತ್ಯವೆಂಬುದೇ ಅಳತೆಗೋಲಾಗಿತ್ತು. ಹೆಂಡತಿಗೆ ಎಷ್ಟು ಬೇಕೋ ಅಷ್ಟು, ಮಿಕ್ಕದ್ದು ಸಂಪಾದಿಸಿದವನಿಗೆ.

ಅಗತ್ಯವು ತಿರಸ್ಕರಿಸತಕ್ಕ ಅಳತೆಯಲ್ಲ. ಆಸ್ತಿ ಕಡಮೆಯಿದ್ದಾಗ ಅದಕ್ಕಿಂತ ಮಾನವೀಯವಾದ ಅಳತೆ ಇನ್ನೊಂದಿಲ್ಲ. ಮಕ್ಕಳ ತಲೆಯ ಮೇಲೊಂದು ಸೂರು, ಎರಡು ಹೊತ್ತಿನ ಅನ್ನ, ಇವುಗಳ ಮುಂದೆ ಹಕ್ಕಿನ ಮಾತು ಹಿಂದೆ ಸರಿಯಬೇಕಾದದ್ದೇ. ಆದರೆ ಎಲ್ಲರ ಅಗತ್ಯವೂ ತೀರಿದ ಮೇಲೆ ಮಿಗುವ ಆಸ್ತಿಯನ್ನು ಕುರಿತು ಅಗತ್ಯವು ಏನನ್ನೂ ಹೇಳಲಾರದು. ಅಣ್ಣತಮ್ಮಂದಿರ ವಿಭಾಗದಲ್ಲಿ ತಮ್ಮನ ಊಟಕ್ಕೆ ಎಷ್ಟು ಅಕ್ಕಿ ಬೇಕೆಂದು ಪಂಚಾಯಿತರು ಕೇಳುವುದುಂಟೆ? ಬೇಕಾದಷ್ಟನ್ನು ಅಳೆದುಕೊಡುವುದು ಆಶ್ರಿತರಿಗೆ. ಪಾಲು ಎಂಬುದು ಒಡೆಯರಿಗೆ. ಗಂಡನ ಅಗತ್ಯವೆಷ್ಟೆಂಬ ಪ್ರಶ್ನೆಯನ್ನು ಆ ಹಳೆಯ ಪದ್ಧತಿ ಎಂದೂ ಎತ್ತುತ್ತಿರಲಿಲ್ಲವೆಂಬುದನ್ನು ಗಮನಿಸಿದರೆ ಅದರ ಒಳಮರ್ಮ ತಿಳಿಯುತ್ತದೆ.

ಮೇಲ್ಮನವಿಯ ನ್ಯಾಯಾಲಯವು ಆಕೆಯ ಪಾಲನ್ನು 15 ಲಕ್ಷಕ್ಕೆ ಏರಿಸಿತು. ಅದು ಹೆಚ್ಚೆಂದು ಗಂಡನೂ, ಅರ್ಧವಾಗಲಿಲ್ಲವೆಂದು ಹೆಂಡತಿಯೂ ಹೌಸ್ ಆಫ್ ಲಾರ್ಡ್ಸ್‌ಗೆ ಹೋದರು. ಮುಖ್ಯ ತೀರ್ಪನ್ನು ಬರೆದ ಲಾರ್ಡ್ ನಿಕಲ್ಸ್ ಎರಡು ಮನವಿಗಳನ್ನೂ ತಳ್ಳಿಹಾಕಿದರೂ, ಹಳೆಯ ಅಳತೆಗೋಲನ್ನು ಮುರಿದರು. ಹಣ ತರುವ ಕೈಗೂ ಮನೆ ನಡೆಸುವ ಕೈಗೂ ತಾರತಮ್ಯ ಮಾಡಲಾಗದು. ನ್ಯಾಯಾಧೀಶನು ತನ್ನ ಮನಸ್ಸಿಗೆ ತೋರಿದ ಹಂಚಿಕೆಯನ್ನು ಸಮಪಾಲಿನ ಪಕ್ಕದಲ್ಲಿಟ್ಟು ಒರೆಹಚ್ಚಬೇಕು. ಅದನ್ನು ಬಿಟ್ಟು ನಡೆದರೆ ತಕ್ಕ ಕಾರಣ ಹೇಳಬೇಕು ಎಂಬುದು ಅವರ ತೀರ್ಮಾನದ ಸಾರ. ಆ ದಂಪತಿಗಳ ವಿಷಯದಲ್ಲಿ ಅರ್ಧಕ್ಕಿಂತ ಕಡಮೆಯಾದುದಕ್ಕೆ ತಂದೆಯ ಕಡೆಯಿಂದ ಬಂದ ನೆರವು ತಕ್ಕ ಕಾರಣವಾಯಿತು.

ಮನೆ ನಡೆಸುವ ಕೈಗೆ ಪಾಲು ಏಕೆ ಸಲ್ಲಬೇಕು? ಕನ್ನಡದ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಕಥೆಯೊಂದು ಇದಕ್ಕೆ ಉತ್ತರವಾಗಬಹುದು. ಅಣ್ಣತಮ್ಮಂದಿರಿಬ್ಬರು ಎಲ್ಲವನ್ನೂ ಹಂಚಿಕೊಂಡ ಮೇಲೆ ಒಂದು ಹಸುವೂ ಒಂದು ಕಂಬಳಿಯೂ ಉಳಿದವು. ಜಾಣನಾದ ಅಣ್ಣನು ಹಸುವಿನ ಮುಂಭಾಗವನ್ನು ತಮ್ಮನಿಗೂ ಹಿಂಭಾಗವನ್ನು ತನಗೂ ಗೊತ್ತುಮಾಡಿದನು. ಕಂಬಳಿಯು ಹಗಲು ತಮ್ಮನದು, ರಾತ್ರಿ ತನ್ನದು ಎಂದನು. ತಮ್ಮನು ಹುಲ್ಲು ಹಾಕಿ ನೀರು ಕುಡಿಸುವನು. ಅಣ್ಣನು ಹಾಲು ಕರೆದುಕೊಳ್ಳುವನು. ಮಕ್ಕಳು ಈ ಮೋಸವನ್ನು ಕೂಡಲೆ ಕಂಡುಹಿಡಿದು ನಗುತ್ತಾರೆ. ದೊಡ್ಡವರ ಲೋಕದಲ್ಲಿ ಇದೇ ವಿಭಾಗವು ಯಾರ ನಗೆಗೂ ಗುರಿಯಾಗದೆ ತಲೆಮಾರುಗಳಿಂದ ನಡೆದುಬಂದಿದೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಗಂಡನು ಕುಳಿತಿರುತ್ತಾನೆ. ಅವನು ನಿಶ್ಚಿಂತನಾಗಿ ಅಲ್ಲಿ ಕುಳಿತುಕೊಳ್ಳುವಂತೆ ಬೆಳಗಿನ ಜಾವ ಎದ್ದವರು ಯಾರು, ಅತ್ತೆಯ ಕಾಹಿಲೆಯನ್ನೂ ಮಕ್ಕಳ ಓದನ್ನೂ ಬಂದ ಗಿರಾಕಿಯ ಊಟವನ್ನೂ ನೋಡಿಕೊಂಡವರು ಯಾರು ಎಂಬುದು ಕಿರ್ದಿಯಲ್ಲಿ ಬರೆದಿರುವುದಿಲ್ಲ. ಮೇವಿಗೆ ಲೆಕ್ಕವಿಲ್ಲ, ಹಾಲಿಗೆ ಲೆಕ್ಕವುಂಟು.

ಕೆಲವು ವೇಳೆ ಕೊಟ್ಟಿಗೆಯ ಕೆಲಸವನ್ನೇ ಮಾಡಿದರೂ ಲೆಕ್ಕಕ್ಕೆ ಬರುವುದಿಲ್ಲ. ಕೆನಡಾ ದೇಶದ ಆಲ್ಬರ್ಟಾ ಪ್ರಾಂತದಲ್ಲಿ 1943ರಲ್ಲಿ ಮದುವೆಯಾದ ಮರ್ಡಾಕ್ ಎಂಬ ಮನೆತನದ ಹೆಣ್ಣುಮಗಳು ಗಂಡನು ವರ್ಷಕ್ಕೆ ಐದು ತಿಂಗಳು ಹೊರಗಿನ ಕೆಲಸಕ್ಕೆ ಹೋದಾಗ ದನಗಳ ಹುಲ್ಲುಗಾವಲನ್ನು ತಾನೇ ನೋಡಿಕೊಂಡಳು: ಹುಲ್ಲು ಕೊಯ್ದಳು, ಟ್ರಾಕ್ಟರು ನಡೆಸಿದಳು, ದನಗಳ ಕೊಂಬು ಕತ್ತರಿಸಿ ಮುದ್ರೆ ಹಾಕಿದಳು. ಪಾಲು ಕೇಳಿದಾಗ, ಇದು ದನಗಾರರ ಹೆಂಡತಿಯರೆಲ್ಲ ಮಾಡುವ ಸಾಮಾನ್ಯ ಕೆಲಸವೆಂದು ನ್ಯಾಯಾಧೀಶರು ಹೇಳಿದರು. 1973ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವೂ ಆಕೆಯ ಕೇಳಿಕೆಯನ್ನು ಒಪ್ಪಲಿಲ್ಲ. ಐವರಲ್ಲಿ ಒಬ್ಬರು, ನ್ಯಾಯಮೂರ್ತಿ ಲಾಸ್ಕಿನ್, ಮಾತ್ರ ಭಿನ್ನಮತ ಬರೆದರು. ಎಲ್ಲರೂ ಮಾಡುವುದರಿಂದ ಅದು ಕೆಲಸವಲ್ಲವಾಯಿತು ಎಂಬ ಈ ತರ್ಕವು ಎಷ್ಟು ಜನರ ಕಣ್ಣು ತೆರೆಯಿತೆಂದರೆ, ಆ ದಶಕ ಮುಗಿಯುವುದರೊಳಗಾಗಿ ಕೆನಡಾದ ಪ್ರಾಂತಗಳು ಒಂದೊಂದಾಗಿ ಕಾನೂನನ್ನು ಬದಲಾಯಿಸಿಕೊಂಡವು.

ಇದಕ್ಕೆ ಒಂದು ಬಲವಾದ ಆಕ್ಷೇಪಣೆಯುಂಟು. ಗುಮಾಸ್ತನ ಹೆಂಡತಿಯೂ ಗಿರಣಿಯ ಯಜಮಾನನ ಹೆಂಡತಿಯೂ ಮನೆಯಲ್ಲಿ ಮಾಡುವ ಕೆಲಸ ಒಂದೇ. ಒಬ್ಬಳಿಗೆ ಸಾವಿರ, ಇನ್ನೊಬ್ಬಳಿಗೆ ಕೋಟಿ ಏಕೆ? ಕೋಟಿಯನ್ನು ತಂದದ್ದು ಆ ಯಜಮಾನನ ಬುದ್ಧಿಯೇ ಹೊರತು ಅಡಿಗೆಯ ರುಚಿಯಲ್ಲವಷ್ಟೆ? ಹಂಚಿಕೆಯು ಯೋಗ್ಯತೆಯ ಅನುಪಾತದಲ್ಲಿ ಆಗಬೇಕೆಂದು ಅರಿಸ್ಟಾಟಲನು ಹೇಳಿದ್ದಾನೆ. ಯೋಗ್ಯತೆ ಯಾವುದೆಂಬುದರಲ್ಲಿಯೇ ಜನರಿಗೆ ಒಮ್ಮತವಿಲ್ಲವೆಂದು ಕೂಡ ಅವನೇ ಹೇಳಿದ್ದಾನೆ. ಪಾಲನ್ನು ಮನೆಗೆಲಸದ ಕೂಲಿಯೆಂದು ಭಾವಿಸಿದರೆ ಈ ಆಕ್ಷೇಪಣೆಗೆ ಸಮಾಧಾನವಿಲ್ಲ. ಆದರೆ ವ್ಯಾಪಾರ ಮುಳುಗಿದ ಮನೆಯನ್ನು ನೋಡಬೇಕು. ಗಂಡನ ಸಾಲಕ್ಕೆ ಹೆಂಡತಿಯ ಬಳೆಗಳು ಗಿರವಿ ಅಂಗಡಿಗೆ ಹೋಗುತ್ತವೆ. ತವರಿನವರು ಕೊಟ್ಟ ಸರವೂ ಹೋಗುತ್ತದೆ. ಈ ನಷ್ಟಕ್ಕೆ ನಿನ್ನ ಮನೆವಾರ್ತೆ ಎಷ್ಟರಮಟ್ಟಿಗೆ ಕಾರಣವೆಂದು ಆಗ ಯಾರೂ ಆಕೆಯನ್ನು ಕೇಳುವುದಿಲ್ಲ. ಯೋಗ್ಯತೆಯ ವಿಚಾರಣೆಯಿಲ್ಲದೆ ನಷ್ಟಕ್ಕೆ ಗುರಿಯಾದವಳು ಲಾಭದ ದಿನ ಬಂದಾಗ ಯೋಗ್ಯತೆಯ ಪರೀಕ್ಷೆಗೆ ನಿಲ್ಲಬೇಕೆಂಬುದು ಒಂದೇ ಕೈಯ ನ್ಯಾಯ. ಅಸಾಧಾರಣವಾದ ಪ್ರತಿಭೆಯಿಂದ ಒಬ್ಬನೇ ಸಂಪತ್ತನ್ನು ನಿರ್ಮಿಸಿದನೆಂಬ ವಾದವನ್ನು ಇಂಗ್ಲೆಂಡಿನ ನ್ಯಾಯಾಲಯಗಳು ಪೂರ್ತಿ ತಳ್ಳಿಹಾಕಿಲ್ಲ. ಆದರೆ ಬಹಳ ವಿರಳವಾಗಿ ಮಾತ್ರ ಒಪ್ಪಿವೆ. ಆ ಸಂಕೋಚವು ಉಚಿತವಾದದ್ದೇ.

ಪಾಲು ಎಷ್ಟೆಂಬುದು ನಿಶ್ಚಯವಾದರೂ ಯಾವುದರಲ್ಲಿ ಪಾಲು ಎಂಬುದು ಉಳಿಯುತ್ತದೆ. ಉದಾಹರಣೆಗೆ, ಗಂಡಹೆಂಡಿರಿಬ್ಬರು ನಡೆಸುವ ಒಂದು ಅಚ್ಚುಕೂಟವನ್ನು ಕಲ್ಪಿಸಿಕೊಳ್ಳಬಹುದು. ಯಂತ್ರ, ಕಾಗದ, ಬರಬೇಕಾದ ಬಾಕಿ ಎಲ್ಲ ಸೇರಿ 12 ಲಕ್ಷ ರೂಪಾಯಿ. ಸಾಲ 4 ಲಕ್ಷ. ಒಂದು ಲೆಕ್ಕದಲ್ಲಿ ಅದರ ಬೆಲೆ 8 ಲಕ್ಷ. ಆದರೆ ಅದು ವರ್ಷಕ್ಕೆ 6 ಲಕ್ಷ ಲಾಭ ತರುತ್ತದೆಯೆಂದೂ, ಕೊಳ್ಳುವವನು ಐದು ವರ್ಷದ ಲಾಭವನ್ನು ಮುಂದಾಗಿ ಕೊಡಲು ಸಿದ್ಧನಾಗಿರುವನೆಂದೂ ಇಟ್ಟುಕೊಂಡರೆ ಬೆಲೆ 30 ಲಕ್ಷ. ಅವನು ಮೂರೇ ವರ್ಷವೆಂದರೆ 18. ಅಂಥದೇ ಇನ್ನೊಂದು ಅಚ್ಚುಕೂಟ ಹಿಂದಿನ ವರ್ಷ ಯಾವ ಕ್ರಯಕ್ಕೆ ಹೋಯಿತೆಂದು ನೋಡುವುದು ಮೂರನೆಯ ದಾರಿ. ಗಂಡನ ಕಡೆಯ ಲೆಕ್ಕಪರಿಶೋಧಕನು 8 ಎನ್ನುತ್ತಾನೆ. ಹೆಂಡತಿಯ ಕಡೆಯವನು 30 ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಡುವಿನ 22 ಲಕ್ಷವು ಕಣ್ಣಿಗೆ ಕಾಣುವ ಯಾವ ವಸ್ತುವೂ ಅಲ್ಲ. ವ್ಯಾಪಾರಸ್ಥರು ಗುಡ್‌ವಿಲ್ ಎಂದು ಕರೆಯುವ ಹೆಸರು, ಗಿರಾಕಿಗಳ ನಂಬಿಕೆ, ನಾಳೆಯೂ ಕೆಲಸ ಬರುವುದೆಂಬ ಭರವಸೆ. ಬೆಲೆಯೆಂದರೆ ಮುಂದಿನ ವರ್ಷಗಳನ್ನು ಕುರಿತ ಒಂದು ಊಹೆ.

ಈ ಲೆಕ್ಕದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಇದೇ ಪ್ರಕೃತಕ್ಕೆ ಮುಖ್ಯವಾದದ್ದು. ಗಂಡನು ಅಚ್ಚುಕೂಟದ ಮೇಲ್ವಿಚಾರಣೆ ಮಾಡಿದನು. ಅದಕ್ಕೆ ಒಬ್ಬ ಮ್ಯಾನೇಜರನ್ನು ಇಟ್ಟಿದ್ದರೆ ವರ್ಷಕ್ಕೆ 3 ಲಕ್ಷ ಸಂಬಳವಾಗುತ್ತಿತ್ತು. ಹೆಂಡತಿ ಕರಡು ತಿದ್ದಿದಳು, ಲೆಕ್ಕ ಬರೆದಳು, ಬಾಕಿ ವಸೂಲಿಗೆ ಕಾಗದ ಬರೆದಳು. ಅದಕ್ಕೆ 2 ಲಕ್ಷ. ಇಬ್ಬರೂ ಸಂಬಳ ತೆಗೆದುಕೊಳ್ಳದ ಕಾರಣ ಪುಸ್ತಕದಲ್ಲಿ ಲಾಭವು 6 ಲಕ್ಷವಾಗಿ ಕಂಡಿತು. ಎರಡು ಸಂಬಳಗಳನ್ನೂ ಕಳೆದರೆ ಉಳಿಯುವ ನಿಜವಾದ ಲಾಭ 1 ಲಕ್ಷ. ಲಾಭವೆಂದು ಹೆಸರಿಟ್ಟುಕೊಂಡು ತಿರುಗಿದ್ದರಲ್ಲಿ ಬಹುಪಾಲು ಇಬ್ಬರ ಬೆವರು. ವಿಚ್ಛೇದನದ ಸಮಯದಲ್ಲಿ ಗಂಡನ ವಕೀಲರು ಒಂದು ಮಾತು ಹೇಳುತ್ತಾರೆ: ಇನ್ನು ಮುಂದೆ ಕರಡು ತಿದ್ದುವುದಕ್ಕೂ ಲೆಕ್ಕ ಬರೆಯುವುದಕ್ಕೂ ಜನರನ್ನು ಇಡಬೇಕಾಗುತ್ತದೆ, ಲಾಭ ಇಳಿಯುತ್ತದೆ, ಆದುದರಿಂದ ಅಚ್ಚುಕೂಟದ ಬೆಲೆಯೂ ಇಳಿದಿದೆ. ಲೆಕ್ಕಶಾಸ್ತ್ರದಲ್ಲಿ ಈ ಮಾತು ಸರಿಯಾದದ್ದೇ. ಆದರೆ ಆಕೆ ಹೋದೊಡನೆ ಇಷ್ಟು ಇಳಿಯುವುದಾದರೆ, ಇದ್ದಾಗ ಅಷ್ಟನ್ನು ಹಿಡಿದು ನಿಲ್ಲಿಸಿದವರು ಯಾರೆಂಬುದಕ್ಕೆ ಆ ವಾದವೇ ಸಾಕ್ಷಿಯಾಗುತ್ತದೆ. ಆಕೆ ಏನೂ ಮಾಡಲಿಲ್ಲವೆಂದೂ, ಆಕೆ ಹೋದದ್ದರಿಂದ ನಷ್ಟವಾಯಿತೆಂದೂ ಒಂದೇ ಉಸಿರಿನಲ್ಲಿ ಹೇಳುವ ಸ್ವಾತಂತ್ರ್ಯವನ್ನು ನ್ಯಾಯಪೀಠವು ಯಾರಿಗೂ ಕೊಡಬಾರದು.

ಯಂತ್ರವಿಲ್ಲದ ಉದ್ಯಮವೂ ಉಂಟು. ವೈದ್ಯನ ಕೈಗುಣ, ವಕೀಲನ ನಾಲಗೆ ಇವು ಮಾರುವಂಥವಲ್ಲ. ಅಮೆರಿಕದ ಅನೇಕ ಸಂಸ್ಥಾನಗಳಲ್ಲಿ ಉದ್ಯಮಕ್ಕೆ ಅಂಟಿದ ಹೆಸರನ್ನು ಹಂಚುತ್ತಾರೆ. ವ್ಯಕ್ತಿಗೆ ಅಂಟಿದ ಹೆಸರನ್ನು ಬಿಟ್ಟುಬಿಡುತ್ತಾರೆ. ನ್ಯೂಯಾರ್ಕಿನ ನ್ಯಾಯಾಲಯವು 1985ರಲ್ಲಿ ಇನ್ನೂ ಮುಂದೆ ಹೋಯಿತು. ಉಪಾಧ್ಯಾಯಿನಿಯಾಗಿ ದುಡಿದು ಗಂಡನನ್ನು ವೈದ್ಯಶಾಸ್ತ್ರ ಓದಿಸಿದ ಹೆಂಡತಿಯನ್ನು ಅವನು ಪರವಾನಗಿ ಸಿಕ್ಕಿದ ಎರಡು ತಿಂಗಳಿಗೆ ಬಿಡಲು ಹೊರಟಾಗ, ಆ ಪರವಾನಗಿಯೇ ದಾಂಪತ್ಯದ ಆಸ್ತಿಯೆಂದು ಹೇಳಿತು. ಅದಕ್ಕೆ 4,72,000 ಡಾಲರೆಂದು ಬೆಲೆ ಕಟ್ಟಿ ನೂರಕ್ಕೆ ನಲವತ್ತರಂತೆ ಹೆಂಡತಿಗೆ ಪಾಲಾಗಿತ್ತು. ಈ ವಿಚಾರ ಹಿಂದೂ ನ್ಯಾಯಶಾಸ್ತ್ರವನ್ನು ಬಲ್ಲವರಿಗೆ ಹೊಸದಲ್ಲ. ಕುಟುಂಬದ ಹಣದಿಂದ ಇಂಗ್ಲೆಂಡಿನಲ್ಲಿ ಓದಿ ಐ.ಸಿ.ಎಸ್. ಸೇರಿದವನ ಸಂಪಾದನೆಯು ಕುಟುಂಬಕ್ಕೆ ಸೇರತಕ್ಕದ್ದೆಂದು ಪ್ರಿವಿ ಕೌನ್ಸಿಲ್ 1921ರಲ್ಲಿ ತೀರ್ಮಾನಿಸಿತ್ತು. ಒಬ್ಬನ ವಿದ್ಯೆಯನ್ನು ಅಣ್ಣತಮ್ಮಂದಿರಿಗೆ ಆಜೀವವೂ ಅಡವಿಡುವುದು ಸಲ್ಲದೆಂದು ಜನಾಭಿಪ್ರಾಯ ಎದ್ದು, 1930ರಲ್ಲಿ ವಿದ್ಯಾಧನವು ಸ್ವಾರ್ಜಿತವೆಂದು ಕಾನೂನಾಯಿತು. ನ್ಯೂಯಾರ್ಕ್ ಕೂಡ 2016ರಿಂದ ಪರವಾನಗಿಗೆ ಬೆಲೆ ಕಟ್ಟುವುದನ್ನು ನಿಲ್ಲಿಸಿ, ಓದಿಸಿದವರ ನೆರವನ್ನು ಉಳಿದ ಆಸ್ತಿಯ ಹಂಚಿಕೆಯಲ್ಲಿ ಗಣಿಸತಕ್ಕದ್ದೆಂದು ಹೇಳಿತು. ಇಬ್ಬರೂ ತಲಪಿದ ಜಾಗ ವಿವೇಕದ್ದು. ವಿದ್ಯೆಯು ಕಲಿತವನದೇ; ಆದರೆ ಕಲಿಸಲು ಸುರಿದ ಹಣವೂ ಕಳೆದ ವರ್ಷಗಳೂ ಇನ್ನೊಬ್ಬರವು, ಅವು ಸಾಲವಾಗಿ ನಿಲ್ಲುತ್ತವೆ.

ಭಾರತದಲ್ಲಿ ಈ ಸಾಲವನ್ನು ಕೇಳುವ ದಾರಿ ಕಿರಿದು. 1933ರಷ್ಟು ಹಿಂದೆಯೇ ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ಮಾಡಿ, ಕುಟುಂಬದ ವಿಭಾಗದಲ್ಲಿ ತಾಯಿ, ಅವಿವಾಹಿತ ಪುತ್ರಿ, ವಿಧವೆ ಮೊದಲಾದವರಿಗೆ ಪಾಲು ಕೊಟ್ಟಿತು. ದಂಪತಿಗಳು ಅಗಲುವ ಪ್ರಸಂಗ ಅದರ ಎಣಿಕೆಯಲ್ಲಿರಲಿಲ್ಲ. 1955ರ ಹಿಂದೂ ವಿವಾಹ ಕಾನೂನಿನ 27ನೆಯ ಕಲಮು ಮದುವೆಯ ಕಾಲದಲ್ಲಿ ಬಂದ ಜಂಟಿ ಉಡುಗೊರೆಗಳನ್ನು ಮಾತ್ರ ಮುಟ್ಟುತ್ತದೆ. 25ನೆಯದು ಜೀವನಾಂಶವನ್ನು ಕೊಡಿಸುತ್ತದೆ. ಮದುವೆಯಾದ ಮೇಲೆ ಕಟ್ಟಿದ ಅಂಗಡಿಯಲ್ಲಿ ಪಾಲನ್ನು ಹಕ್ಕಾಗಿ ಕೊಡುವ ಮಾತು ಅದರಲ್ಲಿಲ್ಲ. 2010ರ ತಿದ್ದುಪಡಿಯ ಮಸೂದೆಯನ್ನು ರಾಜ್ಯಸಭೆಯು 2013ರಲ್ಲಿ ಒಪ್ಪಿದರೂ, ಮರುವರ್ಷ ಲೋಕಸಭೆಯು ವಿಸರ್ಜನೆಯಾದಾಗ ಅದು ಬಿದ್ದುಹೋಯಿತು. ಗೋವೆಯಲ್ಲಿ ಮಾತ್ರ 1867ರ ಪೋರ್ಚುಗೀಸ್ ಸಂಹಿತೆಯ ಪರಂಪರೆಯಿಂದಾಗಿ ದಂಪತಿಗಳ ಆಸ್ತಿ ಸಾಮಾನ್ಯವಾಗಿ ಇಬ್ಬರದೂ ಆಗಿದೆ. ಗಂಡನು ಪರದೇಶದಲ್ಲಿ ದುಡಿದ ಹಣದಿಂದ ಕೊಂಡ ಆಸ್ತಿಯಲ್ಲಿ, ಊರಿನಲ್ಲಿ ಮನೆ ನಡೆಸಿದ ಹೆಂಡತಿಗೆ ಸಮಪಾಲುಂಟೆಂದು ಮದರಾಸಿನ ಉಚ್ಚ ನ್ಯಾಯಾಲಯವು 2023ರಲ್ಲಿ ಹೇಳಿದ್ದು ಒಂದು ಒಳ್ಳೆಯ ಲಕ್ಷಣ.

ಹೆಸರಿನ ವಿಷಯವನ್ನೂ ಇಲ್ಲಿ ಹೇಳಬೇಕು. ವರಮಾನ ತೆರಿಗೆಯ ಅನುಕೂಲಕ್ಕಾಗಿ ಹೆಂಡತಿಯನ್ನು ಪಾಲುಗಾರ್ತಿಯೆಂದು ಕಾಗದದಲ್ಲಿ ತೋರಿಸುವ ವಾಡಿಕೆ ವರ್ತಕರ ಮನೆಗಳಲ್ಲಿ ಅಪರೂಪವಲ್ಲ. ಸರ್ಕಾರದ ಮುಂದೆ ಆಕೆ ನಿಜವಾದ ಪಾಲುಗಾರ್ತಿ. ಜಗಳ ಹುಟ್ಟಿದ ದಿನ ಹೆಸರಿಗೆ ಮಾತ್ರ! ಇದರ ಇನ್ನೊಂದು ಮುಖವೂ ಉಂಟು. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು 2025ರ ಜುಲೈಯಲ್ಲಿ ಸ್ಟ್ಯಾಂಡಿಷ್ ವ್ಯಾಜ್ಯದಲ್ಲಿ, ಗಂಡನು ಮದುವೆಗೆ ಮೊದಲು ಗಳಿಸಿದ್ದನ್ನು ತೆರಿಗೆಯ ಉಪಾಯವಾಗಿ ಹೆಂಡತಿಯ ಹೆಸರಿಗೆ ಬರೆದ ಮಾತ್ರಕ್ಕೆ ಅದು ದಾಂಪತ್ಯದ ಸಂಪತ್ತಾಗುವುದಿಲ್ಲವೆಂದು ತೀರ್ಪು ಕೊಟ್ಟಿತು. ಕಾಗದದ ಹೆಸರಿಗಿಂತ ಬಾಳಿನ ನಡೆಯನ್ನು ನೋಡಬೇಕೆಂಬುದು ಗಂಡನಿಗೆ ಅನುಕೂಲವಾದ ಆ ತೀರ್ಪಿನಲ್ಲಿಯೂ ಆಧಾರವಾಗಿದೆ. ಅದೇ ನ್ಯಾಯವನ್ನು ಹೆಸರಿಲ್ಲದೆ ದುಡಿದ ಹೆಂಡತಿಗೂ ಅನ್ವಯಿಸಬೇಕಷ್ಟೆ.

ಇನ್ನು ಉಳಿದದ್ದು ಹಸುವನ್ನು ಕೊಲ್ಲದೆ ಹಂಚುವ ಉಪಾಯ. ಮಾರಿ ಹಣ ಮಾಡಿದರೆ ಹಂಚಿಕೆ ಸುಲಭ. ಆದರೆ ಅಲ್ಲಿ ದುಡಿಯುವ ಹತ್ತು ಮಂದಿ ಆಳುಗಳು ಈ ವಿಚ್ಛೇದನಕ್ಕೆ ಪಕ್ಷಗಾರರಲ್ಲದಿದ್ದರೂ ಅದರ ಫಲವನ್ನು ಉಣ್ಣಬೇಕಾಗುತ್ತದೆ. ಒಬ್ಬರು ಉಳಿಸಿಕೊಂಡು ಇನ್ನೊಬ್ಬರಿಗೆ ಕಂತಿನಲ್ಲಿ ಹಣ ಕೊಡುವುದು ಹೆಚ್ಚು ಪ್ರಚಾರದಲ್ಲಿರುವ ಮಾರ್ಗ. ಇದರಲ್ಲಿ ಮನೆಯನ್ನೂ ಬ್ಯಾಂಕಿನ ಠೇವಣಿಯನ್ನೂ ಪಡೆದವರು ನಿರ್ಭಯರಾಗಿರುತ್ತಾರೆ. ಉದ್ಯಮವನ್ನು ಇಟ್ಟುಕೊಂಡವರು ಗಾಳಿಮಳೆಗೆ ಒಡ್ಡಿಕೊಳ್ಳುತ್ತಾರೆ. ಗಟ್ಟಿಯಾದ ಆಸ್ತಿ, ಅಪಾಯದ ಆಸ್ತಿ ಎರಡರಲ್ಲಿಯೂ ಇಬ್ಬರಿಗೂ ಭಾಗವಿರುವುದು ನ್ಯಾಯವೆಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು 2002ರಲ್ಲಿ ಹೇಳಿತು. ಅದೇ ನ್ಯಾಯಾಲಯದ ಮುಂದೆ 2009ರಲ್ಲಿ, ಕಂಪನಿಯ ಷೇರುಗಳನ್ನು ತಾನೇ ಇಟ್ಟುಕೊಂಡು ಹೆಂಡತಿಗೆ ಹಣ ಕೊಡಲು ಒಪ್ಪಿದ್ದ ಒಬ್ಬ ಗಂಡನು, ಪೇಟೆ ಕುಸಿದು ಷೇರುಗಳು ಕಸವಾದವೆಂದು ಅಳುತ್ತ ಬಂದನು. ಒಪ್ಪಂದವನ್ನು ಬಿಚ್ಚಲಾಗದೆಂದು ಉತ್ತರ ಬಂತು. ಏರಿದ್ದರೆ ಅವನು ಹಂಚಿಕೊಳ್ಳಲು ಬರುತ್ತಿದ್ದನೆ ಎಂಬುದು ಯಾರ ಮನಸ್ಸಿಗಾದರೂ ಹೊಳೆಯುವ ಪ್ರಶ್ನೆ. ಹೀಗೆ ಬೆಲೆಯು ಊಹೆಯಾಗಿರುವಲ್ಲಿ ಊಹೆ ತಪ್ಪಿದರೆ ಯಾರು ಹೊರಬೇಕೆಂಬುದನ್ನೂ ಹಂಚಿಕೆಯ ದಿನವೇ ಮಾತಾಡಿಕೊಳ್ಳುವುದು ಲೇಸು. ಮಾತಾಡದೆ ಕಚ್ಚಾಡಿದರೆ ಏನಾಗುವುದೆಂಬುದಕ್ಕೆ ಹೌಸ್ ಆಫ್ ಲಾರ್ಡ್ಸ್ 1999ರಲ್ಲಿ ವಿಚಾರಿಸಿದ ಒಂದು ವ್ಯಾಜ್ಯವಿದೆ: ದಂಪತಿಗಳ ಆಸ್ತಿಯೆಲ್ಲ ಸೇರಿ 1,27,400 ಪೌಂಡು, ವ್ಯಾಜ್ಯದ ಖರ್ಚು 1,28,000 ಪೌಂಡಿಗೂ ಮೇಲೆ.

ವೈಟ್ ದಂಪತಿಗಳ ವ್ಯಾಜ್ಯದಲ್ಲಿ ಲೆಕ್ಕಿಗರು ಗಮನಿಸದೆ ಹೋಗುವ ಒಂದು ಅಂಶವುಂಟು. ಹೆಂಡತಿ ಹಣಕ್ಕಿಂತ ಹೆಚ್ಚಾಗಿ ನೆಲವನ್ನು ಬಯಸಿದ್ದರು; ತಮ್ಮ ಪಾಲಿನಿಂದ ತಾವೇ ಬೇಸಾಯ ಮಾಡಬೇಕೆಂದಿದ್ದರು. ನಡೆಯುತ್ತಿರುವ ಬೇಸಾಯವನ್ನು ಒಡೆದು, ಕೈಗೂಡುವುದೋ ಇಲ್ಲವೋ ಎಂಬಂಥ ಇನ್ನೊಂದನ್ನು ಹೂಡಲು ಅನುಕೂಲ ಮಾಡಿಕೊಡುವುದು ವಿವೇಕವಲ್ಲವೆಂದು ಮೊದಲ ನ್ಯಾಯಾಧೀಶರು ಭಾವಿಸಿದರು. ಒಡೆದರೆ ಎರಡೂ ಕೆಡಬಹುದೆಂಬ ಅವರ ಅಂಜಿಕೆ ನಿರಾಧಾರವಾದದ್ದಲ್ಲ. ಆದರೆ ಮೂವತ್ತು ವರ್ಷ ನಡೆಸಿದ ಕಸುಬು ತಪ್ಪಿಹೋಗುವುದಕ್ಕೆ ಬೆಲೆ ಕಟ್ಟುವ ಅಂಕಣ ಲೆಕ್ಕಪರಿಶೋಧಕರ ಮೂರು ದಾರಿಗಳಲ್ಲಿ ಯಾವುದರಲ್ಲಿಯೂ ಇಲ್ಲ. ಹುಟ್ಟಿದಂದಿನಿಂದ ರೈತರ ಮನೆಯಲ್ಲಿದ್ದ ಆಕೆಗೆ ಕೊನೆಗೆ ದೊರೆತದ್ದು 15 ಲಕ್ಷ ಪೌಂಡು. ಬ್ಲಾಗ್ರೋವ್ಸ್‌ನ ಹೊಲವೂ ಅಲ್ಲಿನ ಬೇಸಾಯವೂ ಗಂಡನ ಕೈಯಲ್ಲಿಯೇ ಉಳಿದುವು.